ನಿಮಗೆ ಹೇಗೆ ಅನುಕೂಲವೋ ಹಾಗೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಏನೇನು ತೋರಿಸಬೇಕು ಅನ್ನುವುದಕ್ಕೆ ಎಲ್ಲೂ ಬರೆದಿಡದ ಒಂದು ಪಟ್ಟಿ ಇದೆ. ನಯಾಗರ ಜಲಪಾತ, ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ, ವೈಟ್ ಹೌಸಿನ ಬೇಲಿ, ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ. ಇಷ್ಟರ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಅಮೆರಿಕ ನೋಡಿದ ಹಾಗೆ. ಊರಿಗೆ ಹೋದ ಮೇಲೆ ಮದುವೆ ಮನೆಯಲ್ಲಿ ಯಾರಾದರೂ "ಏನೇನು ನೋಡಿದ್ರಿ?" ಅಂತ ಕೇಳಿದರೆ ಹೇಳೋಕೆ ನಾಲ್ಕು ಹೆಸರು ಸಿಗುತ್ತವೆ.

ಈ ಪಟ್ಟಿಯಲ್ಲಿ ಮಿಡ್‌ವೆಸ್ಟಿನ ಊರುಗಳು ಇರುವುದಿಲ್ಲ. ಶಿಕಾಗೋ ಒಂದಕ್ಕೆ ಮಾತ್ರ ವಿವೇಕಾನಂದರ ಪುಣ್ಯದಿಂದ ಜಾಗ ಸಿಕ್ಕಿದೆ. ನಾವಿರುವುದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ. ಉತ್ತರಕ್ಕೆ ಎರಡೂವರೆ ಗಂಟೆ ಕಾರು ಓಡಿಸಿದರೆ ಶಿಕಾಗೋ, ದಕ್ಷಿಣಕ್ಕೆ ಎರಡೂವರೆ ಗಂಟೆ ಓಡಿಸಿದರೆ ಮಿಸ್ಸೂರಿಯ ಸೇಂಟ್ ಲೂಯಿಸ್. ಮಧ್ಯದಲ್ಲಿ ಮೆಕ್ಕೆಜೋಳ, ಅದು ಮುಗಿದರೆ ಸೋಯಾ, ಅದು ಮುಗಿದರೆ ಮತ್ತೆ ಮೆಕ್ಕೆಜೋಳ. ಅಪ್ಪ-ಅಮ್ಮ ಹಿಂದೆ ಎರಡು ಸಲ ಬಂದಾಗ ಪಟ್ಟಿಯ ಜಾಗಗಳೆಲ್ಲ ಮುಗಿದಿದ್ದವು. 2025ರಲ್ಲಿ ಬಂದದ್ದು ಮೂರನೇ ಸಲ. ಅಪ್ಪನಿಗೆ ಎಪ್ಪತ್ತಾರು. ಸಾಗರದಿಂದ ಬೆಂಗಳೂರು, ಅಲ್ಲಿಂದ ಎರಡು ವಿಮಾನ. ಬಂದ ಮಾರನೆಯ ದಿನ ಕಾಫಿ ಕುಡೀತಾ, ಮಳೆ ಬರಬಹುದು ಅನ್ನೋ ಧಾಟಿಯಲ್ಲಿ, "ಇದೇ ಕೊನೆ ಸಲ ಪುಟ್ಟಿ, ಇನ್ನು ಕೂತ್ಕೊಂಡು ಬರೋಕೆ ಆಗಲ್ಲ" ಅಂದರು. ನಾನು ಏನೂ ಹೇಳಲಿಲ್ಲ. ಸಂಜೆ ನಮ್ಮವರ ಹತ್ತಿರ, "ಸೆಪ್ಟೆಂಬರಲ್ಲಿ ಒಂದು ಶುಕ್ರವಾರ ರಜ ಹಾಕಿ, ಸೇಂಟ್ ಲೂಯಿಸ್‌ಗೆ ಹೋಗೋಣ" ಅಂದೆ.

ಸೇಂಟ್ ಲೂಯಿಸ್ ಯಾಕೆ ಅಂದರೆ ಕಾರಣ ಎರಡು. ಮೊದಲನೆಯದು ಹತ್ತಿರ. ಎರಡನೆಯದು ಅಪ್ಪನ ನೋಟ್‌ಬುಕ್ಕು. ಸಾಗರದ ಕೋರ್ಟಿನಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ರಿಟೈರ್ ಆದವರು ಅವರು. ಎಲ್ಲಿ ಹೋದರೂ ಖರ್ಚು ಬರೆದಿಡುತ್ತಾರೆ. ಡಾಲರಿನ ಪಕ್ಕದಲ್ಲಿ ರೂಪಾಯಿ. ಆ ರೂಪಾಯಿ ನೋಡಿದ ಮೇಲೆ ಅವರಿಗೆ ಯಾವ ಜಾಗವೂ ರುಚಿಸುವುದಿಲ್ಲ. ಹಿಂದಿನ ಸಲ ಶಿಕಾಗೋದಲ್ಲಿ ಪಾರ್ಕಿಂಗಿಗೆ ಕೊಟ್ಟದ್ದನ್ನು ಗುಣಿಸಿ, "ಇಷ್ಟರಲ್ಲಿ ನಮ್ಮೂರಲ್ಲಿ ಒಂದು ತಿಂಗಳ ಹಾಲು ಬರ್ತಿತ್ತು" ಅಂದು ದಿನವಿಡೀ ಮಂಕಾಗಿದ್ದರು.

ಸೇಂಟ್ ಲೂಯಿಸ್‌ನಲ್ಲಿ ಆ ಗುಣಾಕಾರಕ್ಕೆ ಹೆಚ್ಚು ಕೆಲಸವಿಲ್ಲ. ಅಲ್ಲಿನ ಫಾರೆಸ್ಟ್ ಪಾರ್ಕ್ ಸುಮಾರು 1,300 ಎಕರೆಯ ಉದ್ಯಾನ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗಿಂತ ದೊಡ್ಡದು. ಅದರೊಳಗಿರುವ ಮೃಗಾಲಯಕ್ಕೆ ಟಿಕೆಟ್ ಇಲ್ಲ. ಆರ್ಟ್ ಮ್ಯೂಸಿಯಂಗೆ ಇಲ್ಲ. ಇತಿಹಾಸ ಮ್ಯೂಸಿಯಂಗೆ ಇಲ್ಲ. ವಿಜ್ಞಾನ ಕೇಂದ್ರಕ್ಕೂ ಇಲ್ಲ. ಪುಕ್ಕಟೆ ಅಂದ ತಕ್ಷಣ ಅಪ್ಪನಿಗೆ ಖುಷಿಯಾಗಲಿಲ್ಲ, ಅನುಮಾನ ಬಂತು. "ಪುಕ್ಕಟೆ ಯಾಕೆ ಕೊಡ್ತಾರೆ?" ಕೋರ್ಟಿನ ಪ್ರಶ್ನೆ. ಉತ್ತರ ಹುಡುಕಿ ಹೇಳಿದೆ. 1904ರಲ್ಲಿ ಈ ಪಾರ್ಕಿನಲ್ಲಿ ದೊಡ್ಡ ವಿಶ್ವ ಮೇಳ ನಡೆಯಿತು. ಅದೇ ವರ್ಷ ಅಮೆರಿಕದ ಮೊದಲ ಒಲಿಂಪಿಕ್ಸ್ ಕೂಡ ಇದೇ ಊರಲ್ಲಿ. ಮೇಳಕ್ಕೆಂದು ಕಟ್ಟಿದ ಅರಮನೆಯಂಥ ಕಟ್ಟಡಗಳಲ್ಲಿ ಹೆಚ್ಚಿನವು ತಾತ್ಕಾಲಿಕ, ಮೇಳ ಮುಗಿದ ಮೇಲೆ ಕೆಡವಿದರು. ಗಟ್ಟಿಯಾಗಿ ಕಟ್ಟಿದ್ದ ಒಂದರಲ್ಲಿ ಇವತ್ತು ಆರ್ಟ್ ಮ್ಯೂಸಿಯಂ ಇದೆ. ಹಕ್ಕಿಗಳಿಗೆಂದು ಮಾಡಿದ್ದ ದೊಡ್ಡ ಪಂಜರವನ್ನು ನಗರವೇ 3,500 ಡಾಲರ್ ಕೊಟ್ಟು ಉಳಿಸಿಕೊಂಡಿತು. ಅದು ಇವತ್ತಿಗೂ ಮೃಗಾಲಯದಲ್ಲಿದೆ. 1916ರಲ್ಲಿ ಊರಿನವರು ಮೃಗಾಲಯಕ್ಕಾಗಿ ತಮ್ಮ ಮೇಲೆ ತಾವೇ ಒಂದು ಸಣ್ಣ ತೆರಿಗೆ ಹಾಕಿಕೊಳ್ಳಲು ಓಟು ಹಾಕಿದರು. ಎಪ್ಪತ್ತರ ದಶಕದ ಶುರುವಿನಲ್ಲಿ ಸುತ್ತಲಿನ ಕೌಂಟಿಯನ್ನೂ ಸೇರಿಸಿಕೊಂಡು, ಆಸ್ತಿ ತೆರಿಗೆಯ ಒಂದು ಪಾಲು ಇಂಥ ಸಂಸ್ಥೆಗಳಿಗೆ ಹೋಗುವ ಹಾಗೆ ಮಾಡಿದರು.

"ಹಾಗಾದ್ರೆ ಪುಕ್ಕಟೆ ಅಲ್ಲ. ಅವರ ಕಂದಾಯ," ಅಂದರು ಅಪ್ಪ. ಈಗ ಸಮಾಧಾನವಾಯಿತು. ಯಾರೋ ದುಡ್ಡು ಕೊಟ್ಟಿದ್ದಾರೆ, ರಶೀದಿ ಎಲ್ಲೋ ಇದೆ.

ಇನ್ನು ಪ್ಲಾನು. ಇಲ್ಲೇ ಕಷ್ಟ ಶುರುವಾಗೋದು. ನಮ್ಮ ಅಪ್ಪ-ಅಮ್ಮಂದಿರ ತಲೆಮಾರಿನವರನ್ನು "ನಿಮಗೇನು ನೋಡಬೇಕು?" ಅಂತ ಕೇಳಿ ನೋಡಿ. ಅಪ್ಪ, "ನಿಮಗೆ ಹೇಗೆ ಅನುಕೂಲವೋ ಹಾಗೆ" ಅಂದರು. ಅಮ್ಮ, "ನಂಗೇನಿದೆ, ಎಲ್ಲಿ ಕರ್ಕೊಂಡು ಹೋದ್ರೂ ಸರಿ" ಅಂದಳು. ಇದು ನಾಟಕವಲ್ಲ. ಒಂದು ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಿದವರಿಗೆ "ನನಗೆ ಇಂಥದ್ದು ಬೇಕು" ಅನ್ನುವ ವಾಕ್ಯ ಬಾಯಿಗೆ ಬರೋದೇ ಇಲ್ಲ. ಐವತ್ತು ವರ್ಷ ಬಳಸದೆ ಇಟ್ಟ ಬೀಗದ ಹಾಗೆ, ಕೀ ಇದ್ದರೂ ತಿರುಗುವುದಿಲ್ಲ. ಒಬ್ಬ ಎಂಟು ವರ್ಷದವನಿಗೆ ಮಾತ್ರ ಆ ತೊಂದರೆ ಇರಲಿಲ್ಲ. ನನ್ನ ಮಗ "ಸಿಟಿ ಮ್ಯೂಸಿಯಂ" ಅಂತ ಹೇಳಿ ಆಟಕ್ಕೆ ಓಡಿದ. ಅದು ಹೆಸರಿಗೆ ಮ್ಯೂಸಿಯಂ. ಹಳೇ ಶೂ ಕಂಪನಿಯ ಗೋಡೌನಿನೊಳಗೆ ಗುಹೆ, ಸುರಂಗ, ಹತ್ತು ಮಹಡಿ ಎತ್ತರದಿಂದ ಸುತ್ತಿ ಸುತ್ತಿ ಇಳಿಯುವ ಜಾರುಬಂಡೆ ಮಾಡಿಟ್ಟಿದ್ದಾರೆ. ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಹೋಗಿ ಅಂತ ಹೋಗಿಬಂದವರು ಹೇಳುತ್ತಾರೆ.

ಬಾಯಿ ಬಿಡದಿದ್ದರೆ ಬೇಡ, ಕಣ್ಣು ಸುಳ್ಳು ಹೇಳಲ್ಲ ಅಂತ ನಾನು ಬೇರೆ ದಾರಿ ಹಿಡಿದೆ. ರಾತ್ರಿ ಊಟವಾದ ಮೇಲೆ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದೊಂದೇ ಜಾಗದ ಫೋಟೋ ತೋರಿಸ್ತಾ ಹೋಗೋದು. ಏನೂ ಕೇಳಬಾರದು. ಯಾವ ಫೋಟೋದಲ್ಲಿ ಯಾರ ಕಣ್ಣು ನಿಲ್ಲುತ್ತೆ ಅಂತ ಮಾತ್ರ ನೋಡಬೇಕು. ಸುಮಾರು ಎರಡು ವಾರ ಹೀಗೆ ನಡೆಯಿತು.

ಮೊದಲಿಗೆ ಗೇಟ್‌ವೇ ಆರ್ಚ್. ಮಿಸಿಸಿಪ್ಪಿ ನದಿ ದಡದಲ್ಲಿ ನಿಂತಿರುವ ಉಕ್ಕಿನ ಕಮಾನು. ಎತ್ತರ 630 ಅಡಿ, ಎರಡು ಕಾಲುಗಳ ನಡುವಿನ ಅಗಲವೂ ಅಷ್ಟೇ. ವಿನ್ಯಾಸ ಮಾಡಿದ ಈರೊ ಸಾರಿನೆನ್ ಕಟ್ಟೋಕೆ ಶುರುವಾಗುವ ಮೊದಲೇ 1961ರಲ್ಲಿ ತೀರಿಕೊಂಡರು. ಕಮಾನು ಪೂರ್ತಿಯಾದದ್ದು 1965ರಲ್ಲಿ. ಅದರ ಆಕಾರ ಎಲ್ಲಿಂದ ಬಂತು ಅನ್ನೋದನ್ನು ಅಮ್ಮನಿಗೆ ಹೇಳೋದು ಸುಲಭವಾಯಿತು. "ನಿನ್ನ ಸರದ ಎರಡು ತುದಿ ಎರಡು ಕೈಯಲ್ಲಿ ಹಿಡಿ. ಮಧ್ಯದಲ್ಲಿ ಜೋತು ಬೀಳುತ್ತಲ್ಲ, ಅದನ್ನ ತಲೆಕೆಳಗು ಮಾಡಿದ್ರೆ ಇದು." ಅಮ್ಮ ಸರ ಕತ್ತಿನಿಂದ ತೆಗೆಯದೆ ಎತ್ತಿ ನೋಡಿ, "ಅಷ್ಟೇನಾ?" ಅಂದಳು.

ಕಮಾನಿನ ಒಳಗೆ ತುದಿಗೆ ಹೋಗೋಕೆ ಒಂದು ಟ್ರಾಮ್ ಇದೆ. ಡಬ್ಬಿಯಂಥ ಪುಟ್ಟ ಕೋಣೆ, ಒಂದರಲ್ಲಿ ಐದು ಜನ, ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಬೇಕು. ಮೇಲೆ ಹೋಗೋಕೆ ನಾಲ್ಕು ನಿಮಿಷ. ನಾವೂ ಐದೇ ಜನ. ಸರಿಯಾಯ್ತು ಅಂದುಕೊಳ್ಳುವಷ್ಟರಲ್ಲಿ ಸೂಚನೆಗಳಲ್ಲಿ ಕಂಡದ್ದು, ಟ್ರಾಮ್ ಇದ್ದರೂ ಹತ್ತಿ ಇಳಿಯುವುದೆಲ್ಲ ಸೇರಿ ಸುಮಾರು ನೂರು ಮೆಟ್ಟಿಲು. ಅಮ್ಮನ ಎರಡೂ ಮಂಡಿ ಸವೆದಿವೆ. ನಮ್ಮ ಮನೆಯ ಹದಿನಾಲ್ಕು ಮೆಟ್ಟಿಲಿಗೇ ಮಧ್ಯದಲ್ಲಿ ನಿಂತು ಗೋಡೆಯ ಫೋಟೋ ನೋಡುವ ನೆಪ ಮಾಡುತ್ತಾಳೆ. ಅಮ್ಮ, "ನೀವೆಲ್ಲ ಹೋಗಿ, ನಾನು ಕೆಳಗೆ ಕೂತಿರ್ತೀನಿ" ಅಂದಳು. ಅಪ್ಪ, "ನನಗೂ ಎತ್ತರ ಆಗಲ್ಲ" ಅಂದರು. ಜೋಗದ ಬಂಡೆಯ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡುತ್ತಿದ್ದ ಮನುಷ್ಯ! ಅಮ್ಮ ಅವರ ಮುಖ ನೋಡಿದಳು, ನಾನು ಲ್ಯಾಪ್‌ಟಾಪ್ ನೋಡಿದೆ. ಮೇಲೆ ಹೋಗೋದು ನಮ್ಮವರು ಮತ್ತು ಮಗ, ಉಳಿದ ಮೂವರು ಕೆಳಗೆ ಅಂತ ಬರೆದುಕೊಂಡೆ. ಕಮಾನಿನ ಅಡಿಯಲ್ಲಿ ನೆಲದೊಳಗೆ ಒಳ್ಳೆಯ ಮ್ಯೂಸಿಯಂ ಇದೆ, ಅದಕ್ಕೆ ಟಿಕೆಟ್ ಇಲ್ಲ, ಕೂರೋಕೆ ಬೆಂಚುಗಳಿವೆ.

ಅಲ್ಲಿಂದ ಪ್ಲಾನಿಗೆ ಒಂದು ನಿಯಮ ಸಿಕ್ಕಿತು. ಗುಂಪಿನಲ್ಲಿ ಅತಿ ನಿಧಾನ ನಡೆಯುವವರ ಕಾಲಿನಿಂದ ಊರನ್ನು ಅಳೆಯಬೇಕು. ಬೆಳಗ್ಗೆ ಒಂದು ಜಾಗ, ಮಧ್ಯಾಹ್ನ ಮಲಗೋದು, ಸಂಜೆ ಒಂದು ಜಾಗ. ಈ ನಿಯಮಕ್ಕೆ ಕಹೋಕಿಯಾ ಬಲಿಯಾಯಿತು. ನದಿಯ ಈಚೆ ದಡದಲ್ಲಿ, ಇಲಿನಾಯ್ ಕಡೆ, ಒಂಬೈನೂರು ವರ್ಷದ ಹಿಂದೆ ಮೂಲನಿವಾಸಿಗಳ ಮಹಾನಗರವಿದ್ದ ಜಾಗ ಅದು. ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ದಿಬ್ಬಗಳಿವೆ, ದೊಡ್ಡದು ನೂರಡಿ ಎತ್ತರ. 1982ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನನಗೇ ತುಂಬ ಆಸೆ ಇತ್ತು. ಆದರೆ ದಿಬ್ಬದ ಮೇಲೆ ಹೋಗೋಕೆ ಇರುವುದು ಮೆಟ್ಟಿಲ ಸಾಲು. ಹೊಡೆದು ಹಾಕಿದೆ. ಅದು ಎಲ್ಲಿಗೂ ಹೋಗುವುದಿಲ್ಲ, ನಾವು ಇನ್ನೂ ಇಲ್ಲೇ ಇರುತ್ತೇವೆ.

ಅಮ್ಮನ ಕಣ್ಣು ನಿಂತದ್ದು ಒಂದು ಗಾಜಿನ ಗುಮ್ಮಟದ ಮೇಲೆ. ಮಿಸ್ಸೂರಿ ಬೊಟಾನಿಕಲ್ ಗಾರ್ಡನ್ನಿನಲ್ಲಿ 1960ರಲ್ಲಿ ಕಟ್ಟಿದ ಕ್ಲೈಮಟ್ರಾನ್. ಒಳಗೆ ಒಂದೂ ಕಂಬವಿಲ್ಲ. ಹೊರಗೆ ಹಿಮ ಬೀಳಲಿ, ಒಳಗೆ ಸದಾ ಮಳೆಕಾಡಿನ ಹವೆ. ಬಾಳೆ, ಕೋಕೋ, ಕಾಫಿ ಎಲ್ಲ ಬೆಳೆಸಿದ್ದಾರೆ. ಗಾರ್ಡನ್ನು ಶುರುವಾದದ್ದು 1859ರಲ್ಲಿ. ಇದಕ್ಕೆ ಮಾತ್ರ ಹೊರಗಿನವರಿಗೆ ಟಿಕೆಟ್ ಇದೆ. ಅಪ್ಪ, "ದುಡ್ಡು ಕೊಟ್ಟು ಬಾಳೆಗಿಡ ನೋಡೋಕೆ ಹೋಗ್ಬೇಕಾ? ನಮ್ಮ ಬಚ್ಚಲ ಹಿಂದೆ ಇದೆಯಲ್ಲ!" ಅಂತ ನಕ್ಕರು. ಅಮ್ಮ ನಗಲಿಲ್ಲ. "ಒಳಗೆ ಸೆಕೆ ಇರುತ್ತಾ?" ಅಂತ ಕೇಳಿದಳು. ಇರುತ್ತೆ ಅಂದೆ. "ಒದ್ದೆ ಮಣ್ಣಿನ ವಾಸನೆ?" ಇರಬೇಕು ಅಂದೆ. ಬಂದು ಎರಡು ತಿಂಗಳಾಗಿತ್ತು. ಮನೆಯಲ್ಲಿ ಎ.ಸಿ., ಕಾರಲ್ಲಿ ಎ.ಸಿ., ಅಂಗಡಿಯಲ್ಲಿ ಎ.ಸಿ. ಚರ್ಮ ಬಿರುಕು ಬಿಡ್ತಿದೆ ಅಂತ ದಿನಾ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳೇ ಹೊರತು ಊರಿನ ಗಾಳಿ ಬೇಕು ಅಂತ ಒಂದು ದಿನವೂ ಅಂದಿರಲಿಲ್ಲ. ಶನಿವಾರ ಬೆಳಗ್ಗೆ, ಗಾರ್ಡನ್, ಎಷ್ಟು ಹೊತ್ತಾದರೂ ಸರಿ, ಅಂತ ಬರೆದೆ.

ಅಪ್ಪನದ್ದು ತಡವಾಯಿತು. ಮೃಗಾಲಯದ ಆನೆಗೂ ಸೈ, ಆರ್ಟ್ ಮ್ಯೂಸಿಯಮ್ಮಿಗೂ ಸೈ, ಯಾವುದಕ್ಕೂ ಕಣ್ಣು ನಿಲ್ಲಲಿಲ್ಲ. ಆರ್ಚ್‌ನ ಇನ್ನೊಂದು ಫೋಟೋ ತೆಗೆದಾಗ, ಕಮಾನಿನ ನಡುವೆ ಹಿಂದುಗಡೆ ಹಸಿರು ಗುಮ್ಮಟದ ಒಂದು ಹಳೇ ಕಟ್ಟಡ ಕಾಣುತ್ತಿತ್ತು. "ಅದೇನದು?" ಅಂದರು. ಎರಡು ವಾರದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ.

ಅದು ಹಳೇ ಕೋರ್ಟು. ರಿಪೇರಿಗೆಂದು ಕೆಲವು ವರ್ಷ ಮುಚ್ಚಿದ್ದವರು 2025ರ ಮೇ ತಿಂಗಳಲ್ಲಿ ಮತ್ತೆ ತೆರೆದಿದ್ದರು, ಲಿಫ್ಟನ್ನೂ ಹಾಕಿಸಿದ್ದರು. ಡ್ರೆಡ್ ಸ್ಕಾಟ್ ಅನ್ನುವ ಗುಲಾಮ ಮತ್ತು ಅವನ ಹೆಂಡತಿ ಹ್ಯಾರಿಯೆಟ್ ತಮ್ಮ ಬಿಡುಗಡೆಗಾಗಿ 1846ರಲ್ಲಿ ಕೇಸು ಹಾಕಿದ್ದು ಸೇಂಟ್ ಲೂಯಿಸ್‌ನ ನ್ಯಾಯಾಲಯದಲ್ಲಿ, ವಿಚಾರಣೆ ನಡೆದದ್ದು ಈ ಕಟ್ಟಡದಲ್ಲಿ. ಯಜಮಾನ ತಮ್ಮನ್ನು ಗುಲಾಮಗಿರಿ ಇಲ್ಲದ ಪ್ರದೇಶಗಳಿಗೆ ಕರೆದುಕೊಂಡು ಹೋಗಿ ಇಟ್ಟುಕೊಂಡಿದ್ದ, ಆದ್ದರಿಂದ ತಾವು ಸ್ವತಂತ್ರರು ಅನ್ನುವುದು ಅವರ ವಾದ. ಆ ಪ್ರದೇಶಗಳಲ್ಲಿ ಒಂದು ನಾವಿರುವ ಇಲಿನಾಯ್. ನಾನು ಮೇಲಿಂದ ಮೇಲೆ ಹೇಳಿ ಮುಂದಿನ ಫೋಟೋಗೆ ಹೋಗುತ್ತಿದ್ದೆ, ಅಪ್ಪ ಕೈ ಅಡ್ಡ ಹಿಡಿದರು. "ಅರ್ಜಿ ಇದೆಯಾ?"

ಹುಡುಕಿದರೆ ಸಿಕ್ಕಿತು. ಹಳೇ ಕಂದು ಕಾಗದ, ಓರೆ ಇಂಗ್ಲಿಷ್ ಬರಹ. ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಮೊದಲು ನೋಡಿದ್ದು ಕಾಗದದ ಕೊನೆ. ಸಹಿ ಇರಬೇಕಾದ ಕಡೆ ಹೆಸರಿನ ನಡುವೆ ಒಂದು ಗುಣಾಕಾರದ ಗುರುತು. ಡ್ರೆಡ್ ಸ್ಕಾಟ್‌ಗೆ ಓದು ಬರಹ ಬರುತ್ತಿರಲಿಲ್ಲ. ಹ್ಯಾರಿಯೆಟ್‌ಳ ಬೇರೆ ಅರ್ಜಿಯಲ್ಲೂ ಅದೇ ಗುರುತು.

"ಹೆಬ್ಬೆಟ್ಟು," ಅಂದರು ಅಪ್ಪ.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಅಪ್ಪ ಮೂವತ್ತಾರು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದ್ದು ನಮಗೆ ಗೊತ್ತು. ಏನು ಕೆಲಸ ಅಂತ ಅವರು ಹೇಳಿದ್ದೇ ಇಲ್ಲ. "ಕಾಗದ ಪತ್ರ ನೋಡೋದು" ಅಂತಿದ್ದರು, ಅಷ್ಟೇ. ಆ ರಾತ್ರಿ ಸ್ಕಾಟ್ ಕೇಸಿನ ಒಂದೊಂದು ಹಂತ ನಾನು ಓದಿ ಹೇಳಿದ ಹಾಗೆ ಅವರ ಕಡೆಯಿಂದ ಸಾಗರದ ಒಂದೊಂದು ಕೇಸು ಬಂತು. 1847ರಲ್ಲಿ ಸ್ಕಾಟ್ ಸೋತದ್ದು ಒಬ್ಬ ಸಾಕ್ಷಿಯಿಂದ. ಸ್ಕಾಟ್ ದಂಪತಿಯನ್ನು ಬಾಡಿಗೆಗೆ ತಂದದ್ದು ನಿಜವಾಗಿ ಆತನ ಹೆಂಡತಿ. ಆತ ಹೇಳಿದ್ದು ಹೆಂಡತಿಯಿಂದ ಕೇಳಿದ ಮಾತು, ಹಾಗಾಗಿ ಸಾಕ್ಷ್ಯ ನಿಲ್ಲಲಿಲ್ಲ. "ಅಯ್ಯೋ, ಹೆಂಡತಿಯನ್ನೇ ಕಟಕಟೆಗೆ ಕರೀಬೇಕಿತ್ತು!" ಅಂತ ಅಪ್ಪ ಟೇಬಲ್ ಕುಟ್ಟಿದರು. ಹೊಸ ವಿಚಾರಣೆ ಸಿಕ್ಕರೂ 1849ರಲ್ಲಿ ಊರಿಗೆ ಬೆಂಕಿ, ಮೇಲೆ ಕಾಲರಾ, ಹೀಗೆ 1850ರವರೆಗೆ ಮುಂದಕ್ಕೆ ಹೋಯಿತು. "ವಾಯಿದೆ," ಅಂದರು. ಅಷ್ಟು ದಿನ ಗಂಡ ಹೆಂಡತಿಯನ್ನು ಷೆರೀಫ್ ಕೂಲಿಗೆ ಕಳಿಸುತ್ತಿದ್ದ, ಆ ಕೂಲಿಯ ದುಡ್ಡು ಕೇಸು ತೀರ್ಮಾನವಾಗುವವರೆಗೆ ಅವನ ವಶದಲ್ಲೇ ಇತ್ತು. ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

1850ರಲ್ಲಿ ಈ ಕಟ್ಟಡದಲ್ಲಿ ಕೂತ ಜ್ಯೂರಿ ಅವರು ಸ್ವತಂತ್ರರು ಅಂತ ಹೇಳಿತು. 1852ರಲ್ಲಿ ಮಿಸ್ಸೂರಿಯ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. 1857ರಲ್ಲಿ ದೇಶದ ಸುಪ್ರೀಂ ಕೋರ್ಟ್, ಕರಿಯರು ಈ ದೇಶದ ಪ್ರಜೆಗಳೇ ಅಲ್ಲ, ಇವರಿಗೆ ಕೇಸು ಹಾಕುವ ಹಕ್ಕೇ ಇಲ್ಲ ಅಂದಿತು. ಹನ್ನೊಂದು ವರ್ಷ. ನಾಲ್ಕು ವರ್ಷದ ನಂತರ ಶುರುವಾದ ಅಂತರ್ಯುದ್ಧಕ್ಕೆ ಈ ತೀರ್ಪೂ ಒಂದು ಕಾರಣ ಅಂತ ಚರಿತ್ರೆ ಬರೆದವರು ಹೇಳುತ್ತಾರೆ. ತೀರ್ಪು ಬಂದು ಮೂರು ತಿಂಗಳು ತುಂಬುವ ಮೊದಲೇ, ಹಳೆಯ ಯಜಮಾನರ ಮನೆಯವನೊಬ್ಬ ಸ್ಕಾಟ್ ಕುಟುಂಬವನ್ನು ತಾನೇ ಬಿಡುಗಡೆ ಮಾಡಿದ. ಅದು ದಾಖಲಾದದ್ದೂ ಸೇಂಟ್ ಲೂಯಿಸ್‌ನಲ್ಲೇ. ಒಂದೂವರೆ ವರ್ಷವೂ ಕಳೆಯದೆ, 1858ರ ಸೆಪ್ಟೆಂಬರಲ್ಲಿ, ಡ್ರೆಡ್ ಸ್ಕಾಟ್ ತೀರಿಕೊಂಡ.

"ಅಲ್ಲಿನ ಗುಮಾಸ್ತ ಯಾರೋ ಪಾಪ," ಅಂದರು ಅಪ್ಪ ಕೊನೆಗೆ. "ಹನ್ನೊಂದು ವರ್ಷ ಆ ಫೈಲು ಜೋಪಾನ ಮಾಡಿದಾನೆ. ಗೆಲ್ಲಲ್ಲ ಅಂತ ಗೊತ್ತಿದ್ರೂ ಕೆಲವು ಫೈಲು ನಾವು ಜೋಪಾನ ಮಾಡ್ತಿದ್ವಿ." ಯಾವ ಫೈಲು ಅಂತ ಕೇಳಿದೆ. ಗೇಣಿ ಜಮೀನು ಕಳಕೊಂಡ ಒಬ್ಬ ಮುದುಕಿಯದ್ದು ಅಂದರು. ಪ್ರತಿ ವಾಯಿದೆಗೂ ಹದಿನೆಂಟು ಮೈಲಿ ನಡೆದು ಬರುತ್ತಿದ್ದಳಂತೆ, ಬಸ್ಸಿಗೆ ದುಡ್ಡಿಲ್ಲದೆ. ಅಮ್ಮ ಅಡುಗೆಮನೆಯಿಂದಲೇ, "ನೀವು ಮಧ್ಯಾಹ್ನದ ಡಬ್ಬಿ ಕೊಟ್ಟು ಬರ್ತಿದ್ದದ್ದು ಅವಳಿಗೇನಾ?" ಅಂದಳು. ಅಪ್ಪ ಕನ್ನಡಕ ಒರೆಸಿಕೊಂಡರು. ನನ್ನ ಮಗ ಮಲಗಿರಲಿಲ್ಲ, ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಶುಕ್ರವಾರ ಮಧ್ಯಾಹ್ನವಿಡೀ ಕೋರ್ಟು ಅಂತ ಬರೆದೆ.

ಇನ್ನು ಊಟದ ವಿಷಯ. ಜಾಗದ ಪಟ್ಟಿಗಿಂತ ಇದು ದೊಡ್ಡದು. ಅಪ್ಪ ಮೊಟ್ಟೆ ಮುಟ್ಟುವುದಿಲ್ಲ. ಸೇಂಟ್ ಲೂಯಿಸ್ ತನ್ನದೇ ಅಂತ ಹೆಮ್ಮೆ ಪಡುವ ತಿಂಡಿಗಳನ್ನು ನೋಡಿ. ಟೋಸ್ಟೆಡ್ ರವಿಯೋಲಿ, ಅಂದರೆ ಒಳಗೆ ಹೂರಣ ಇಟ್ಟು ಎಣ್ಣೆಯಲ್ಲಿ ಕರಿದದ್ದು, ನಮ್ಮ ಕರ್ಜಿಕಾಯಿಯ ದೂರದ ನೆಂಟ. ಹೂರಣ ಸಾಮಾನ್ಯವಾಗಿ ದನದ ಮಾಂಸ. ಗೂಯಿ ಬಟರ್ ಕೇಕ್, ಅದರಲ್ಲಿ ಮೊಟ್ಟೆ. ಹಳೇ ರೂಟ್ 66ರ ಮೇಲಿರುವ ಟೆಡ್ ಡ್ರೂಸ್ ಅಂಗಡಿಯ ಫ್ರೋಜನ್ ಕಸ್ಟರ್ಡ್, ಕಪ್ಪು ತಲೆಕೆಳಗು ಮಾಡಿದರೂ ಬೀಳದಷ್ಟು ಗಟ್ಟಿ. ಇಲ್ಲಿ ಕಸ್ಟರ್ಡ್ ಅನ್ನಬೇಕಾದರೆ ಮೊಟ್ಟೆಯ ಹಳದಿ ಇರಲೇಬೇಕು. ಉಳಿದದ್ದು ಪಿಜ್ಜಾ. ಸೇಂಟ್ ಲೂಯಿಸ್ ಪಿಜ್ಜಾದ ತಳ ತೆಳ್ಳಗೆ ಗರಿಗರಿ, ಮೇಲೆ ಪ್ರೊವೆಲ್ ಅನ್ನುವ ಚೀಸ್, ಚೌಕ ಚೌಕವಾಗಿ ಬರ್ಫಿಯಂತೆ ಕತ್ತರಿಸಿ ಕೊಡುತ್ತಾರೆ. ಹಲ್ಲು ಕಟ್ಟಿಸಿಕೊಂಡವರಿಗೆ ದಪ್ಪ ಪಿಜ್ಜಾಕ್ಕಿಂತ ಇದೇ ವಾಸಿ.

ಸಸ್ಯಾಹಾರಿಗಳನ್ನು ಕರೆದುಕೊಂಡು ಹೊರಡುವವರಿಗೆ ನನ್ನ ಅನುಭವದ ಎರಡು ಮಾತು. "ವೆಜಿಟೇರಿಯನ್ನಾ?" ಅಂತ ಕೇಳಿದರೆ ಸಾಲದು. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು, ಮೆಕ್ಸಿಕನ್ ಹೋಟೆಲಿನ ಬೀನ್ಸಿಗೆ ಹಂದಿ ಕೊಬ್ಬು ಹಾಕುವುದುಂಟು. ಹೆಸರು ಹಿಡಿದು ಕೇಳಬೇಕು. ಎರಡನೆಯದು, ಅಡುಗೆ ಒಲೆ ಇರುವ ಹೋಟೆಲ್ ರೂಮು ಹಿಡಿಯಿರಿ. ನಾವು ಹೊತ್ತದ್ದು ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಮಿಡಿ ಉಪ್ಪಿನಕಾಯಿ. ಮೊಸರು ಎಲ್ಲಿ ಬೇಕಾದರೂ ಸಿಗುತ್ತೆ. ದಿನಕ್ಕೆ ಒಂದು ಹೊತ್ತು ಹೊರಗೆ, ಎರಡು ಹೊತ್ತು ನಮ್ಮದು. ಸಂಜೆ ಹೊಟ್ಟೆ ತಣ್ಣಗಿದ್ದರೆ ಹಿರಿಯರಿಗೆ ಮಾರನೆಯ ದಿನ ನಡೆಯೋಕೆ ಕಾಲು ಬರುತ್ತೆ.

ಪ್ಲಾನಿನ ಕಾಗದ ಫ್ರಿಜ್ಜಿನ ಮೇಲೆ ಅಂಟಿಸಿದ ದಿನ ಅಪ್ಪ ಅದನ್ನು ಓದಿ, ಪೆನ್ನು ತಗೊಂಡು, ಭಾನುವಾರದ ಕೆಳಗೆ ತಾವೇ ಒಂದು ಸಾಲು ಸೇರಿಸಿದರು. "ಸ್ಕಾಟ್ ಸಮಾಧಿ, ಕ್ಯಾಲ್ವರಿ." ಮೊಮ್ಮಗನಿಂದ ಹುಡುಕಿಸಿಕೊಂಡಿದ್ದರು. ಅಮ್ಮನಿಗೆ ಸಿಟ್ಟು ಬಂತು. "ಊರು ನೋಡೋಕೆ ಹೋಗಿ ಸ್ಮಶಾನಕ್ಕೆ ಹೋಗ್ತಾರೇನ್ರೀ ಯಾರಾದ್ರೂ?" ಅಪ್ಪ "ನಿಮಗೆ ಹೇಗೆ ಅನುಕೂಲವೋ" ಅನ್ನಲಿಲ್ಲ. "ನಾನು ಹೋಗ್ಬೇಕು" ಅಂದರು. ನನಗೆ ನೆನಪಿರುವ ಮಟ್ಟಿಗೆ ಆ ವಾಕ್ಯ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಮೂರು ದಿನ ಹೇಗಾಯಿತು ಅಂತ ಉದ್ದಕ್ಕೆ ಹೇಳುವುದಿಲ್ಲ. ಮಳೆ ಬರಲಿಲ್ಲ. ಕೋರ್ಟಿನಲ್ಲಿ ಅಪ್ಪ ಮೊದಲು ಹುಡುಕಿದ್ದು ಜಡ್ಜಿನ ಕುರ್ಚಿಯನ್ನಲ್ಲ, ಗುಮಾಸ್ತನ ಮೇಜನ್ನು. ಹೊರಗೆ ನಿಂತಿರುವ ಡ್ರೆಡ್ ಮತ್ತು ಹ್ಯಾರಿಯೆಟ್‌ರ ಪ್ರತಿಮೆಯ ಹತ್ತಿರ ಅಮ್ಮ, "ಇಬ್ಬರೂ ಕೈ ಹಿಡ್ಕೊಂಡಿದಾರೆ ನೋಡಿ" ಅಂತ ಅಪ್ಪನ ತೋಳು ಹಿಡಿದು ಮೆಟ್ಟಿಲು ಇಳಿದಳು. ಕ್ಲೈಮಟ್ರಾನಿನೊಳಗೆ ಹೋದ ತಕ್ಷಣ ನನ್ನ ಕನ್ನಡಕಕ್ಕೆ ಆವಿ ಕಟ್ಟಿತು. ಒರೆಸಿಕೊಂಡು ನೋಡಿದರೆ ಅಮ್ಮ ಆಗಲೇ ಮುಂದೆ ಹೋಗಿ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದ್ದಳು. ಅವಳನ್ನು ಯಾರೂ ಮಾತಾಡಿಸಲಿಲ್ಲ. ಮಗ ಸಿಟಿ ಮ್ಯೂಸಿಯಮ್ಮಿನಲ್ಲಿ ಪ್ಯಾಂಟಿನ ಮಂಡಿ ಹರಿದುಕೊಂಡ. ರಾತ್ರಿ ಕಸ್ಟರ್ಡ್ ಅಂಗಡಿಯಲ್ಲಿ ಅಮ್ಮ "ಏನು ಹಾಕಿದಾರೆ ಅಂತ ಕೇಳ್ಬೇಡಿ" ಅಂತ ಎಚ್ಚರಿಸಿ ಪೂರ್ತಿ ಕಪ್ಪು ತಿಂದಳು.

ಭಾನುವಾರ ಊರಿನ ಉತ್ತರ ಭಾಗಕ್ಕೆ ಹೋದೆವು. ಆ ವರ್ಷದ ಮೇ ತಿಂಗಳಲ್ಲಿ ಸುಂಟರಗಾಳಿ ಹೊಡೆದ ಕಡೆ, ಇಟ್ಟಿಗೆಯ ಹಳೇ ಮನೆಗಳ ಛಾವಣಿಗೆ ಇನ್ನೂ ನೀಲಿ ಟಾರ್ಪಾಲು. ಅಪ್ಪ ಕಿಟಕಿಯಿಂದ ನೋಡ್ತಾ, "ಮಳೆಗಾಲಕ್ಕೆ ಮುಂಚೆ ಹಂಚು ಹಾಕಿಸ್ಬೇಕಿತ್ತು" ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಜನ ಒಂದೊಂದು ಸೆಂಟಿನ ನಾಣ್ಯ ಇಟ್ಟು ಹೋಗುತ್ತಾರೆ. ಆ ನಾಣ್ಯದಲ್ಲಿ ಲಿಂಕನ್ ಮುಖವಿದೆ. ಅಮ್ಮ ಕಾರಿನಲ್ಲೇ ಇರ್ತೀನಿ ಅಂದಿದ್ದವಳು ನಾವು ಅಲ್ಲಿ ತಲುಪುವಷ್ಟರಲ್ಲಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಧಾನವಾಗಿ ಬರುತ್ತಿದ್ದಳು.

ನೀವೂ ಯಾರನ್ನಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗುವುದಿದ್ದರೆ ಪಟ್ಟಿ ಮಾಡಿ. ಆದರೆ ತಿಂಗಳು ಮೊದಲೇ ಶುರು ಮಾಡಿ, ದಿನಕ್ಕೆ ಒಂದೇ ಫೋಟೋ ತೋರಿಸಿದರೂ ಸಾಕು. ಅವರ ಮೊದಲ ಪ್ರಶ್ನೆ ಬರುವವರೆಗೆ ಕಾಯಿರಿ. ನೋಡಬೇಕಾದ ಜಾಗ ಅದರ ಹಿಂದೆಯೇ ಬರುತ್ತದೆ, ಒಮ್ಮೊಮ್ಮೆ ಇನ್ನೂ ಏನೇನೋ ಬರುತ್ತದೆ.

ಅಪ್ಪ-ಅಮ್ಮ ಅಕ್ಟೋಬರಿನಲ್ಲಿ ಊರಿಗೆ ಹೋದರು. ನೋಟ್‌ಬುಕ್ಕು ಇಲ್ಲೇ ಬಿಟ್ಟು ಹೋಗಿದ್ದಾರೆ, ಮರೆತೋ ಬೇಕಂತಲೋ. ಸೇಂಟ್ ಲೂಯಿಸ್ ಪುಟದಲ್ಲಿ ಹೀಗಿದೆ: ಮೃಗಾಲಯ, ಸೊನ್ನೆ. ಕೋರ್ಟು, ಸೊನ್ನೆ. ಗಾರ್ಡನ್ ಟಿಕೆಟ್, ಡಾಲರು ಮಾತ್ರ ಬರೆದಿದೆ, ಪಕ್ಕದ ರೂಪಾಯಿಯ ಜಾಗ ಖಾಲಿ. ಕೆಳಗಿನ ಸಾಲು: ಸ್ಕಾಟ್, 5 ಸೆಂಟ್, ತಲಾ ಒಂದು.